ಕವರ್ ಬೇಡ ಎನ್ನುವ ಮಾತು ತೂಕಕ್ಕೆ ಮೊದಲೇ ಬರಲಿ

ದಿನಸಿ ಹಾಗೂ ತರಕಾರಿ ಖರೀದಿಯಲ್ಲಿ ಪ್ಲಾಸ್ಟಿಕ್ ಚೀಲಗಳ ಬಳಕೆಯನ್ನು ತಗ್ಗಿಸುವ ಬಗೆಯನ್ನು ಕುರಿತ ಕೆಲವು ಪ್ರಶ್ನೆಗಳನ್ನು ಈ ಬಾರಿಯ ಅಂಕಣಕ್ಕೆ ಆಯ್ದುಕೊಳ್ಳಲಾಗಿದೆ.

ಪ್ರಶ್ನೆ: ಸಂತೆಗೆ ಹೋಗುವಾಗ ತಪ್ಪದೆ ಬಟ್ಟೆಯ ಕೈಚೀಲವನ್ನು ಒಯ್ಯುತ್ತೇನೆ. ಆದರೂ ಮನೆಗೆ ಬಂದು ಚೀಲ ಸುರಿದರೆ ಬೀನ್ಸಿಗೊಂದು, ಮೆಣಸಿನಕಾಯಿಗೊಂದು, ಶುಂಠಿಗೊಂದು ಎಂದು ಸಣ್ಣ ಕವರುಗಳ ರಾಶಿಯೇ ಬೀಳುತ್ತದೆ. ಇದನ್ನು ತಪ್ಪಿಸುವುದು ಹೇಗೆ?
— ಗೃಹಿಣಿ, ದಾವಣಗೆರೆ

ನಿಮ್ಮ ಪ್ರಶ್ನೆಯಲ್ಲಿಯೇ ಇಂದಿನ ಸಮಸ್ಯೆಯ ತಿರುಳಿದೆ. ಕೈಚೀಲ ತರುವ ರೂಢಿ ಎಷ್ಟೋ ಮನೆಗಳಲ್ಲಿ ಮರಳಿ ಬಂದಿದೆ. ಉಳಿದಿರುವುದು ಆ ಚೀಲದ ಒಳಗೆ ಸೇರಿಕೊಳ್ಳುವ ತೆಳು ಕವರುಗಳ ಕಾಟ. ತೂಕ ಕಡಿಮೆಯಿರುವ ಈ ಕವರುಗಳನ್ನು ಆಯ್ದು ಮಾರಿದರೂ ಹೆಚ್ಚು ಹಣ ಹುಟ್ಟುವುದಿಲ್ಲವಾದ್ದರಿಂದ ಚಿಂದಿ ಆಯುವವರೂ ಇವುಗಳತ್ತ ಅಷ್ಟಾಗಿ ನೋಡುವುದಿಲ್ಲ. ಗಾಳಿಗೆ ಹಾರಿ ಚರಂಡಿ ಸೇರುವವುಗಳಲ್ಲಿ ಮೊದಲಿನವು ಇವೇ.

ವ್ಯಾಪಾರಿಯ ಕೈಗಳನ್ನು ಒಮ್ಮೆ ಗಮನಿಸಿ. ತಕ್ಕಡಿಯ ತಟ್ಟೆಯಲ್ಲಿ ಬೀನ್ಸ್ ತೂಗುತ್ತಿರುವಾಗಲೇ ಅವರ ಎಡಗೈ ಪಕ್ಕದಲ್ಲಿ ತೂಗುಹಾಕಿದ ಕಟ್ಟಿನಿಂದ ಕವರೊಂದನ್ನು ಎಳೆದು, ಬೆರಳಿನಲ್ಲಿ ಉಜ್ಜಿ ಬಾಯಿ ಬಿಡಿಸಿರುತ್ತದೆ. ಅಷ್ಟಾದ ಮೇಲೆ ನೀವು ಬೇಡವೆಂದರೆ ಬಿಡಿಸಿದ ಕವರು ಅವರಿಗೂ ಕಿರಿಕಿರಿ, ನಿಮಗೂ ಮುಜುಗರ. ಆದ್ದರಿಂದ ಬೇಡ ಎನ್ನುವ ಮಾತನ್ನು ದರ ವಿಚಾರಿಸುವಾಗಲೇ ಹೇಳಿಬಿಡಬೇಕು ಮತ್ತು ತೂಕ ಮುಗಿಯುವ ಹೊತ್ತಿಗೆ ನಿಮ್ಮ ಚೀಲದ ಬಾಯಿ ತಟ್ಟೆಯ ಪಕ್ಕದಲ್ಲಿ ತೆರೆದಿರಬೇಕು. ಇಷ್ಟು ಮಾಡಿದರೆ ಬಹುಪಾಲು ವ್ಯಾಪಾರಿಗಳು ಸಂತೋಷದಿಂದಲೇ ಸುರಿಯುತ್ತಾರೆ, ಏಕೆಂದರೆ ಆ ಕವರನ್ನು ಅವರೂ ದುಡ್ಡು ಕೊಟ್ಟು ತಂದಿರುತ್ತಾರೆ.

ಇನ್ನು, ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಮನೆಯಲ್ಲಿ ಬೇರ್ಪಡಿಸುವವರಾರು ಎಂಬ ಆತಂಕ ನ್ಯಾಯವಾದುದೇ. ಬದನೆಕಾಯಿ, ಬೀಟ್‌ರೂಟ್, ಸೌತೆಕಾಯಿಗಳಂಥ ದೊಡ್ಡ ತರಕಾರಿಗಳಿಗೆ ಪ್ರತ್ಯೇಕ ಚೀಲ ಬೇಕಿಲ್ಲ. ಅವು ಬೆರೆತರೂ ಆಯ್ದುಕೊಳ್ಳುವುದು ನಿಮಿಷದ ಕೆಲಸ. ಮಣ್ಣಿನ ಆಲೂಗಡ್ಡೆ ಮತ್ತು ಸಿಪ್ಪೆ ಉದುರುವ ಈರುಳ್ಳಿಗೆ ಬೇರೊಂದು ಚೀಲವಿದ್ದರೆ ಒಳ್ಳೆಯದು. ಬೀನ್ಸ್, ಮೆಣಸಿನಕಾಯಿ, ಶುಂಠಿ, ಬಟಾಣಿಗಳಿಗೆ ಹಳೆಯ ಪಂಚೆಯ ತುಂಡಿನಲ್ಲಿ ಗೇಣುದ್ದದ ಐದಾರು ಚೀಲಗಳನ್ನು ಹೊಲಿದು, ಬಾಯಿಗೆ ಲಾಡಿ ಹಾಕಿಸಿಕೊಳ್ಳಿ. ಮೊದಲು ಗಟ್ಟಿ ತರಕಾರಿ, ನಡುವೆ ಮೆತ್ತನೆಯವು, ಕೊನೆಗೆ ಟೊಮೆಟೊ ಹಾಗೂ ಸೊಪ್ಪು ಎಂಬ ಕ್ರಮದಲ್ಲಿ ಕೊಂಡರೆ ಯಾವುದೂ ಜಜ್ಜಿಹೋಗುವುದಿಲ್ಲ. ಬಾಳೆನಾರಿನಲ್ಲೋ ರಬ್ಬರಿನಲ್ಲೋ ಕಟ್ಟಿದ ಸೊಪ್ಪಿನ ಕಟ್ಟಿಗೆ ಕವರಿನ ಅಗತ್ಯವೇ ಇಲ್ಲ. ಹೂವಿಗೆ ಮುಚ್ಚಳವಿರುವ ಸಣ್ಣ ಸ್ಟೀಲ್ ಡಬ್ಬಿ ಸಾಕು. ಬಾಳೆ ಎಲೆಯಲ್ಲಿ ಕಟ್ಟಿಕೊಡುವ ಹೂವಾಡಗಿತ್ತಿ ನಿಮ್ಮೂರಿನಲ್ಲಿ ಇನ್ನೂ ಇದ್ದರೆ ಅದೂ ಬೇಡ.

ಸೂಪರ್ ಮಾರ್ಕೆಟ್ಟುಗಳಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ತೂಕದ ಚೀಟಿಯನ್ನು ಅಂಟಿಸಲು ಒಂದು ಮೇಲ್ಮೈ ಬೇಕೆಂಬ ಕಾರಣಕ್ಕೇ ಕವರಿನ ಸುರುಳಿಯನ್ನು ತರಕಾರಿಯ ಪಕ್ಕದಲ್ಲಿಟ್ಟಿರುತ್ತಾರೆ. ಬಾಳೆಹಣ್ಣು, ಎಲೆಕೋಸು, ಕುಂಬಳಕಾಯಿಯ ಹೋಳುಗಳಿಗೆ ಚೀಟಿಯನ್ನು ನೇರವಾಗಿಯೇ ಅಂಟಿಸಬಹುದು. ಉಳಿದವುಗಳ ಚೀಟಿಯನ್ನು ನಿಮ್ಮ ಬಟ್ಟೆಯ ಚೀಲಕ್ಕೇ ಹಚ್ಚುವಂತೆ ಕೇಳಿ. ಖಾಲಿ ಚೀಲವನ್ನು ಯಂತ್ರದ ಮೇಲಿಟ್ಟು ಟೇರ್ ಗುಂಡಿ ಒತ್ತಿದರೆ ಅದರ ತೂಕ ಲೆಕ್ಕಕ್ಕೆ ಬರುವುದಿಲ್ಲ.

ಸೊಪ್ಪನ್ನು ಮನೆಯಲ್ಲಿ ಕವರಿನಲ್ಲಿಟ್ಟರೆ ಮಾತ್ರ ಬಾಳುತ್ತದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕವರಿನ ಒಳಮೈಯಲ್ಲಿ ಬೆವರಿದ ನೀರು ಎಲೆಗೆ ತಗುಲಿ ಕೊತ್ತಂಬರಿ ಬೇಗ ಕೊಳೆಯುತ್ತದೆ. ಬೇರು ಕತ್ತರಿಸಿ, ನೀರಿನ ಪಸೆ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಹೆಚ್ಚು ದಿನ ಹಸಿರಾಗಿರುತ್ತದೆ.

ಪ್ರಶ್ನೆ: ನನ್ನದು ದಿನಸಿ ಅಂಗಡಿ. ಕವರ್ ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಕವರ್ ಮಾರುವ ಸಗಟು ವ್ಯಾಪಾರಿಯನ್ನು ಕೇಳಿದರೆ 120 ಮೈಕ್ರಾನಿನ ದಪ್ಪ ಕವರಿಗೆ ಅನುಮತಿಯಿದೆ ಎನ್ನುತ್ತಾನೆ. ನಿಜವೇ?
— ವರ್ತಕರು, ತುಮಕೂರು

ಸಗಟು ವ್ಯಾಪಾರಿ ಹೇಳುತ್ತಿರುವುದು ಕೇಂದ್ರದ ನಿಯಮ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ತಂದ ತಿದ್ದುಪಡಿಯಂತೆ ಕ್ಯಾರಿ ಬ್ಯಾಗಿನ ಕನಿಷ್ಠ ದಪ್ಪವನ್ನು ಆ ವರ್ಷದ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗೂ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೂ ಏರಿಸಲಾಯಿತು. ಕರ್ನಾಟಕದ ಮಾತು ಬೇರೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ ನಮ್ಮ ರಾಜ್ಯ ಸರ್ಕಾರವು 2016ರ ಮಾರ್ಚ್ 11ರಂದು ಹೊರಡಿಸಿದ ಅಧಿಸೂಚನೆಯು ಪ್ಲಾಸ್ಟಿಕ್ ಕ್ಯಾರಿ ಬ್ಯಾಗುಗಳ ತಯಾರಿಕೆ, ಸರಬರಾಜು, ಮಾರಾಟ ಮತ್ತು ಬಳಕೆಯನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿದೆ. ಹಾಲು ಮತ್ತು ಹಾಲಿನ ಉತ್ಪನ್ನಗಳ ಪೊಟ್ಟಣ, ಕಾರ್ಖಾನೆಯಿಂದಲೇ ಮೊಹರಾಗಿ ಬರುವ ಸರಕಿನ ಹೊದಿಕೆ, ನರ್ಸರಿಯ ಸಸಿ ಚೀಲ ಮುಂತಾದವುಗಳಿಗೆ ಮಾತ್ರ ವಿನಾಯಿತಿಯುಂಟು. ಹೀಗಾಗಿ ಅಧಿಕಾರಿಗಳು ತಪಾಸಣೆಗೆ ಬಂದಾಗ 120 ಮೈಕ್ರಾನಿನ ಮಾತು ನಿಮ್ಮ ನೆರವಿಗೆ ಬರುವುದಿಲ್ಲ.

ಗಿರಾಕಿ ಹೋಗಿಬಿಡುತ್ತಾನೆಂಬ ಭಯಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ, ವ್ಯವಹಾರದಲ್ಲಿದೆ. ನ್ಯಾಯಬೆಲೆ ಅಂಗಡಿಯ ಸಾಲನ್ನು ನೋಡಿ: ಪಡಿತರದ ಅಕ್ಕಿಗೆ ಬರಿಗೈಯಲ್ಲಿ ಬಂದು ನಿಲ್ಲುವವರು ಯಾರಿದ್ದಾರೆ? ಅಲ್ಲಿ ಚೀಲ ಸಿಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು, ಆದ್ದರಿಂದ ಯಾರೂ ಮರೆಯುವುದಿಲ್ಲ. ಅದೇ ಜನ ನಿಮ್ಮ ಅಂಗಡಿಗೆ ಬರುವಾಗ ಮರೆಯುತ್ತಾರೆಂದರೆ ಅದು ಕವರ್ ಖಂಡಿತ ಸಿಗುತ್ತದೆಂಬ ಭರವಸೆಯ ಫಲ. ಒಬ್ಬರೇ ನಿಲ್ಲಿಸಿದರೆ ನಷ್ಟವಾಗುವುದು ಸಹಜವಾದ್ದರಿಂದ ನಿಮ್ಮ ಬೀದಿಯ ನಾಲ್ಕಾರು ಅಂಗಡಿಯವರು ಮಾತನಾಡಿಕೊಂಡು ಒಂದೇ ದಿನಾಂಕದಿಂದ ನಿಲ್ಲಿಸುವುದು ಜಾಣತನ.

ತೀರಾ ಮರೆತು ಬಂದವರಿಗೆ ಬಟ್ಟೆಯ ಚೀಲವನ್ನು ಠೇವಣಿಯ ಮೇಲೆ ಕೊಟ್ಟು, ಹಿಂದಿರುಗಿಸಿದಾಗ ಹಣ ಮರಳಿಸುವುದು ಮಾರುವುದಕ್ಕಿಂತ ಮೇಲು. ತಮಿಳುನಾಡಿನಲ್ಲಿ 2021ರ ಡಿಸೆಂಬರಿನಲ್ಲಿ ಆರಂಭವಾದ ಹಳದಿ ಬಟ್ಟೆ ಚೀಲದ ಆಂದೋಲನದ ಭಾಗವಾಗಿ ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಗೆ ಚೀಲ ನೀಡುವ ಯಂತ್ರವನ್ನೇ ಇರಿಸಿದರು. ಮಾರುವುದೇ ಆದರೆ ಬೆಲೆಯ ಫಲಕ ಅಂಗಡಿಯ ಬಾಗಿಲಲ್ಲೇ ಕಾಣುವಂತಿರಲಿ. ಮುಂಚಿತವಾಗಿ ತಿಳಿಸದೆ ಬಿಲ್ ಮಾಡುವಾಗ ಚೀಲದ ಹಣ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವು 2020ರ ಡಿಸೆಂಬರಿನಲ್ಲಿ ಹೇಳಿದೆ.

ಕವರ್ ಬಿಟ್ಟು ಹಳೆಯ ದಿನಪತ್ರಿಕೆಗೆ ಮರಳಿದವರಿಗೆ ಒಂದು ಎಚ್ಚರಿಕೆ. ಆಹಾರವನ್ನು ಮುದ್ರಿತ ಪತ್ರಿಕೆಯಲ್ಲಿ ಸುತ್ತಿಕೊಡುವುದನ್ನು 2018ರ ಆಹಾರ ಸುರಕ್ಷತಾ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ಶಾಯಿಯಲ್ಲಿರುವ ರಾಸಾಯನಿಕಗಳು ಎಣ್ಣೆಯ ಪಸೆಯಿರುವ ತಿನಿಸಿಗೆ ಸುಲಭವಾಗಿ ಇಳಿಯುತ್ತವೆ. ಬೇಳೆ, ಸಕ್ಕರೆ ಕಟ್ಟಲು ಅಚ್ಚಾಗದ ಕಂದು ಕಾಗದದ ಪೊಟ್ಟಣ ಬಳಸಿರಿ.

ಪ್ರಶ್ನೆ: ಬಟ್ಟೆ ಅಂಗಡಿಗಳಲ್ಲಿ ಕೊಡುವ ಬಣ್ಣಬಣ್ಣದ, ಬಟ್ಟೆಯಂತೆಯೇ ಇರುವ ಚೀಲಗಳನ್ನು ತರಕಾರಿಗೆ ಬಳಸುತ್ತಿದ್ದೇವೆ. ಇವು ಬಟ್ಟೆಯವೇ?
— ಶಿಕ್ಷಕಿ, ಹಾಸನ

ಅಲ್ಲ. ಅವು ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯದೆ, ಶಾಖದಿಂದ ಒತ್ತಿ ಅಂಟಿಸಿ ಮಾಡಿದವು. ಬೆಳಕಿಗೆ ಹಿಡಿದು ನೋಡಿದರೆ ನಿಜವಾದ ಬಟ್ಟೆಯಲ್ಲಿ ಹಾಸು ಹೊಕ್ಕಿನ ದಾರಗಳು ಕಾಣುತ್ತವೆ. ಇದರಲ್ಲಿ ದಾರದ ಬದಲು ಸಾಲಾಗಿ ಒತ್ತಿದ ಪುಟ್ಟ ಚುಕ್ಕೆಗಳಿರುತ್ತವೆ. ಅಂಚನ್ನು ಎಳೆದರೆ ಒಂದು ನೂಲೂ ಬಿಚ್ಚಿ ಬರುವುದಿಲ್ಲ. ಬಿಸಿಲಿನಲ್ಲಿ ಕೆಲವು ತಿಂಗಳಿದ್ದರೆ ಮುಟ್ಟಿದಲ್ಲೆಲ್ಲ ಪುಡಿಯಾಗಿ ಉದುರುತ್ತದೆ, ಆ ಪುಡಿಯನ್ನು ಗುಡಿಸಿ ತೆಗೆಯುವುದು ಯಾರಿಂದಲೂ ಆಗದ ಕೆಲಸ. ಮನೆಯಲ್ಲಿ ಈಗಾಗಲೇ ಇರುವವುಗಳನ್ನು ಬಿಸಾಡಬೇಡಿ. ನೆರಳಿನಲ್ಲಿಟ್ಟು, ಹರಿಯುವವರೆಗೂ ಬಳಸಿ, ಅನಂತರ ಒಣ ಕಸಕ್ಕೆ ಕೊಡಿ. ಹೊಸದನ್ನು ಕೊಡಲು ಬಂದಾಗ ಬೇಡವೆನ್ನಿ.

ಪ್ರಶ್ನೆ: ಹತ್ತಿಯ ಚೀಲವನ್ನು ನೂರಾರು ಬಾರಿ ಬಳಸದಿದ್ದರೆ ಅದು ಪ್ಲಾಸ್ಟಿಕ್ಕಿಗಿಂತ ಹೆಚ್ಚು ಹಾನಿಕರ ಎಂದು ಓದಿದೆ. ಹಾಗಾದರೆ ನಾವು ಮಾಡುತ್ತಿರುವುದೆಲ್ಲ ವ್ಯರ್ಥವೇ?
— ವಿದ್ಯಾರ್ಥಿ, ಧಾರವಾಡ

ಈ ಮಾತಿಗೆ ಆಧಾರವಿದೆ. ಇಂಗ್ಲೆಂಡಿನ ಪರಿಸರ ಏಜೆನ್ಸಿಯು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಚೀಲಗಳ ತಯಾರಿಕೆಯಿಂದ ವಿಲೇವಾರಿಯವರೆಗಿನ ಹವಾಮಾನದ ಹೊರೆಯನ್ನು ಲೆಕ್ಕಹಾಕಿ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಕಾಗದದ ಚೀಲವನ್ನು 3 ಬಾರಿ, ನೇಯದ ಪಾಲಿಪ್ರೊಪಿಲಿನ್ ಚೀಲವನ್ನು 11 ಬಾರಿ, ಹತ್ತಿಯ ಚೀಲವನ್ನು 131 ಬಾರಿ ಬಳಸಬೇಕೆಂದು ಕಂಡುಕೊಂಡಿತು. ಹತ್ತಿ ಬೆಳೆಯಲು ನೀರು, ಗೊಬ್ಬರ, ನೂಲಲು ವಿದ್ಯುತ್ತು ಬೇಕಾಗುವುದರಿಂದ ಇದು ಅಚ್ಚರಿಯ ವಿಷಯವಲ್ಲ.

ಆದರೆ ಈ ಸಂಖ್ಯೆಯನ್ನು ಹೆದರಿಸುವ ಸಂಖ್ಯೆಯಾಗಿ ಓದಬೇಕಿಲ್ಲ. ವಾರಕ್ಕೆ ಎರಡು ಬಾರಿ ಬಳಸಿದರೆ ಸುಮಾರು ಹದಿನೈದು ತಿಂಗಳಲ್ಲಿ ಅಷ್ಟು ಬಳಕೆ ಮುಗಿಯುತ್ತದೆ, ಮತ್ತು ಗಟ್ಟಿ ಹೊಲಿಗೆಯ ಚೀಲ ಅದಕ್ಕಿಂತ ಬಹಳ ಹೆಚ್ಚು ಬಾಳುವುದನ್ನು ನಮ್ಮ ಮನೆಗಳ ಗೂಟಗಳೇ ತೋರಿಸುತ್ತವೆ. ಎರಡನೆಯದಾಗಿ, ಆ ಲೆಕ್ಕ ಹೊಸದಾಗಿ ಬೆಳೆದ ಹತ್ತಿಯದು. ಹರಿದ ಪಂಚೆ, ಹಳೆಯ ಪರದೆ, ಪ್ಯಾಂಟಿನ ಕಾಲುಗಳಿಂದ ಹೊಲಿದ ಚೀಲಕ್ಕೆ ಅದು ಅನ್ವಯಿಸುವುದಿಲ್ಲ. ಮೂರನೆಯದಾಗಿ, ಗಾಳಿಗೆ ಹಾರಿದ ಚೀಲ ಚರಂಡಿಯನ್ನು ಕಟ್ಟುವುದು, ದನದ ಹೊಟ್ಟೆ ಸೇರುವುದು ಹವಾಮಾನದ ಆ ಲೆಕ್ಕದೊಳಗೆ ಬರುವ ಸಂಗತಿಗಳಲ್ಲ. ಬಾಂಗ್ಲಾದೇಶವು 2002ರಲ್ಲಿಯೇ ತೆಳು ಪಾಲಿಥೀನ್ ಚೀಲವನ್ನು ನಿಷೇಧಿಸಿದ್ದಕ್ಕೆ ಮುಖ್ಯ ಕಾರಣ ಪ್ರವಾಹದ ವೇಳೆ ಚರಂಡಿಗಳು ಕಟ್ಟಿಕೊಂಡದ್ದು.

ಅಧ್ಯಯನದಿಂದ ನಾವು ಕಲಿಯಬೇಕಾದುದು ಬೇರೊಂದಿದೆ. ಸಮ್ಮೇಳನ, ಮದುವೆ, ಮಳಿಗೆಯ ಉದ್ಘಾಟನೆಗಳಲ್ಲೆಲ್ಲ ಹಂಚುವ ಹೊಸ ಹತ್ತಿ ಚೀಲಗಳು ಕಪಾಟಿನಲ್ಲಿ ರಾಶಿಯಾಗುತ್ತಿರುವುದು ಪರಿಸರಸ್ನೇಹಿ ಕೆಲಸವೇನಲ್ಲ. ಪರಿಸರ ದಿನಾಚರಣೆಯಲ್ಲೇ ಅವನ್ನು ಹಂಚುವುದನ್ನು ಕಂಡಾಗ ನಗುವುದೋ ಅಳುವುದೋ ತಿಳಿಯುವುದಿಲ್ಲ. ಒಂದು ಸಂಸಾರಕ್ಕೆ ನಾಲ್ಕೈದು ಚೀಲಗಳು ಧಾರಾಳ. ಅವು ಇರಬೇಕಾದ ಜಾಗ ಮಾತ್ರ ಬದಲಾಗಿದೆ: ಹಿಂದೆ ಸಂತೆಗೆಂದೇ ಮನೆಯಿಂದ ಹೊರಡುತ್ತಿದ್ದರು, ಈಗ ಕಚೇರಿಯಿಂದ ಮರಳುವ ದಾರಿಯಲ್ಲಿ ಕೊಳ್ಳುವವರೇ ಹೆಚ್ಚು. ಆದ್ದರಿಂದ ಒಂದು ಸ್ಕೂಟರಿನ ಡಿಕ್ಕಿಯಲ್ಲಿ, ಒಂದು ಕಚೇರಿಯ ಬ್ಯಾಗಿನಲ್ಲಿ ಇದ್ದರೆ ಬಳಕೆ ತಾನಾಗಿಯೇ ಆಗುತ್ತದೆ.

ಪ್ರಶ್ನೆ: ಗೊಬ್ಬರವಾಗಿ ಕರಗುತ್ತದೆ ಎಂದು ಅಚ್ಚಾಗಿದ್ದ ಚೀಲವನ್ನು ಮನೆಯ ಕಾಂಪೋಸ್ಟ್ ಮಡಕೆಗೆ ಹಾಕಿದೆ. ತಿಂಗಳುಗಳಾದರೂ ಹಾಗೆಯೇ ಇದೆ. ಮೋಸವೇ?
— ನಿವೃತ್ತ ನೌಕರರು, ಮೈಸೂರು

ಮೋಸವಿರಬಹುದು, ಇಲ್ಲದಿರಲೂಬಹುದು. ಇಂಥ ಚೀಲಗಳ ಪರೀಕ್ಷೆ ನಡೆಯುವುದು ದೊಡ್ಡ ಗೊಬ್ಬರದ ಘಟಕದಲ್ಲಿರುವಂಥ, ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖ ಬಹಳ ದಿನ ಉಳಿಯುವ ಸ್ಥಿತಿಯಲ್ಲಿ. ಮನೆಯ ಮಡಕೆ ಆ ಮಟ್ಟಕ್ಕೆ ಕಾಯುವುದಿಲ್ಲ. ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ತಯಾರಕರ ಹೆಸರು ಹಾಗೂ ಪ್ರಮಾಣಪತ್ರದ ಸಂಖ್ಯೆ ಚೀಲದ ಮೇಲೆ ಇಲ್ಲದಿದ್ದರೆ ಬರಿಯ ಹಸಿರು ಎಲೆಯ ಚಿತ್ರವನ್ನು ನಂಬಬೇಡಿ. ನಿಜವಾದ ಚೀಲವನ್ನೂ ಹಾಲಿನ ಪೊಟ್ಟಣಗಳ ಜೊತೆ ಸೇರಿಸಬಾರದು, ಏಕೆಂದರೆ ಮರುಬಳಕೆಯ ಪ್ಲಾಸ್ಟಿಕ್ಕಿನ ಗುಣ ಅದರಿಂದ ಕೆಡುತ್ತದೆ.

ಪ್ರಶ್ನೆ: ಮೀನು, ಮಾಂಸ, ದೋಸೆ ಹಿಟ್ಟು ಇವುಗಳಿಗೆ ಕವರ್ ಇಲ್ಲದೆ ಗತಿಯಿಲ್ಲವಲ್ಲ?
— ಗೃಹಸ್ಥರು, ಮಂಗಳೂರು

ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿ ಇದಕ್ಕೆ ಉತ್ತರ. ತೂಗುವ ಮೊದಲೇ ಕೊಟ್ಟು, ಖಾಲಿ ಡಬ್ಬಿಯಿಟ್ಟು ಸೊನ್ನೆ ಮಾಡಿಸಿರಿ. ಮೀನಿಗೆಂದು ಒಂದು ಡಬ್ಬಿಯನ್ನು ಮೀಸಲಿಟ್ಟರೆ ವಾಸನೆಯ ತಕರಾರೂ ಇರುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಮಾಡಿದರೂ ಮನೆಗೆ ಬಂದು ಸೇರುವ ಕವರು ಮತ್ತು ಹಾಲಿನ ಪೊಟ್ಟಣಗಳನ್ನು ಏನು ಮಾಡಬೇಕು?
— ಗೃಹಿಣಿ, ಬೆಂಗಳೂರು

ಹರಿಯದ ಕವರನ್ನು ತೊಳೆದು ಒಣಗಿಸಿ ಮತ್ತೆ ಬಳಸಿ. ಉಳಿದವನ್ನು ಜಿಡ್ಡು ಹೋಗುವಂತೆ ತೊಳೆದು ಒಣ ಕಸದ ಚೀಲಕ್ಕೆ ಹಾಕಿ; ನಿಮ್ಮ ವಾರ್ಡಿನಲ್ಲಿ ಒಣ ಕಸ ಸಂಗ್ರಹ ಕೇಂದ್ರವಿದ್ದರೆ ನೇರವಾಗಿ ಅಲ್ಲಿಗೂ ಒಯ್ಯಬಹುದು. ಎಂಜಲು ಮೆತ್ತಿದ ಕವರನ್ನು ಯಾವ ಗುಜರಿಯವರೂ ಕೊಳ್ಳುವುದಿಲ್ಲ. ಅಡುಗೆಮನೆಯ ಹಸಿ ಕಸವನ್ನು ಕವರಿನಲ್ಲಿ ಗಂಟುಕಟ್ಟಿ ರಸ್ತೆಯ ಬದಿಗಿಡುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಗಂಟು ಬಿಚ್ಚಲಾರದ ಹಸು ಅನ್ನ, ಸಿಪ್ಪೆಗಳ ವಾಸನೆಗೆ ಕವರನ್ನೂ ಸೇರಿಸಿ ನುಂಗುತ್ತದೆ. ಅದರ ಮೊದಲ ಹೊಟ್ಟೆಯಲ್ಲಿ ಕರಗದೆ ಉಂಡೆಗಟ್ಟುವ ಪ್ಲಾಸ್ಟಿಕ್ಕನ್ನು ಕೊನೆಗೆ ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ.

ಹಾಲಿನ ಪೊಟ್ಟಣ ಒಳ್ಳೆಯ ಗುಣಮಟ್ಟದ ಪಾಲಿಥೀನ್ ಆದ್ದರಿಂದ ಗುಜರಿಯಲ್ಲಿ ಅದಕ್ಕೆ ಬೆಲೆಯಿದೆ. ಅದನ್ನು ತೆರೆಯುವಾಗ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರ್ಪಡಿಸಬೇಡಿ. ಉಗುರಿನಷ್ಟಿರುವ ಆ ತ್ರಿಕೋನದ ಚೂರು ಸಿಂಕಿಗೋ ಹಸಿ ಕಸಕ್ಕೋ ಸೇರಿದರೆ ಮುಂದೆ ಯಾರ ಕೈಗೂ ಸಿಗದು. ಕತ್ತರಿಯನ್ನು ಮುಕ್ಕಾಲು ಭಾಗ ಮಾತ್ರ ಓಡಿಸಿ ಚೂರು ಪೊಟ್ಟಣಕ್ಕೇ ಅಂಟಿಕೊಂಡಿರುವಂತೆ ಬಿಡಿ, ಹಾಲು ಸುರಿದ ಮೇಲೆ ಸ್ವಲ್ಪ ನೀರಿನಲ್ಲಿ ಕುಲುಕಿಸಿ ತೊಳೆಯಿರಿ. ಆ ನೀರನ್ನು ಗಿಡಕ್ಕೆ ಹಾಕಿ, ಪೊಟ್ಟಣವನ್ನು ಒಣಗಲು ಕ್ಲಿಪ್ಪಿಗೆ ಸಿಕ್ಕಿಸಿರಿ.