ವೇತನ ಒಂದೇ, ಮನೋವೈದ್ಯರು ನಿಲ್ಲುವುದು ಒಂದೇ ಕಡೆ

ಪ್ರಶ್ನೆ: ನಾನು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯೊಂದರ ಕಚೇರಿಯಲ್ಲಿದ್ದೇನೆ. ನಮ್ಮಲ್ಲಿಗೆ ಬರುವ ಮನೋವೈದ್ಯರು ಹೆಚ್ಚು ಕಾಲ ಉಳಿಯುವುದಿಲ್ಲ. ವೇತನ ಸಾಲದೆಂಬುದೇ ಕಾರಣ ಎಂದು ಮೇಲಿನವರು ಹೇಳುತ್ತಾರೆ. ಆದರೆ ಅದೇ ವೇತನಕ್ಕೆ ನೆರೆಯ ಜಿಲ್ಲೆಯಲ್ಲಿ ಒಬ್ಬರು ವರ್ಷಗಳಿಂದ ನೆಮ್ಮದಿಯಾಗಿದ್ದಾರೆ. ಮುಖ್ಯಸ್ಥರ ನಡವಳಿಕೆಯಿಂದ ಇಷ್ಟು ವ್ಯತ್ಯಾಸವಾಗಬಲ್ಲದೇ?
– ಹೆಸರು ಬೇಡವೆಂದ ಓದುಗರು, ಉತ್ತರ ಕರ್ನಾಟಕ

ಉತ್ತರ: ಆಗಬಲ್ಲದು. ಗುತ್ತಿಗೆಯ ನವೀಕರಣಕ್ಕೆ ಕಾಯುವ ವೈದ್ಯರಿಗೆ ಒಳ್ಳೆಯ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೂ ನಿಮ್ಮ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ಮೇಯೊ ಕ್ಲಿನಿಕ್ ತನ್ನ ವೈದ್ಯರನ್ನು ಕುರಿತು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೇರ ಮೇಲಧಿಕಾರಿಗೆ ವೈದ್ಯರು 60ಕ್ಕೆ ಕೊಟ್ಟ ಅಂಕ ಒಂದೊಂದು ಏರಿದಂತೆ, ದಣಿದು ಬೇಸತ್ತುಹೋಗುವ ಸಾಧ್ಯತೆ ಶೇ 3.3ರಷ್ಟು ತಗ್ಗಿ, ಸಂಸ್ಥೆಯ ಬಗ್ಗೆ ತೃಪ್ತಿಯಿರುವ ಸಾಧ್ಯತೆ ಶೇ 9ರಷ್ಟು ಹೆಚ್ಚಿದ್ದು ಕಂಡುಬಂದಿತು. ಅದು ಎಲ್ಲ ವಿಭಾಗಗಳ ವೈದ್ಯರನ್ನು ಒಳಗೊಂಡ, ಒಂದೇ ಸಂಸ್ಥೆಯ ಸಮೀಕ್ಷೆ; ಮುಖ್ಯಸ್ಥರೇ ಕಾರಣವೆಂದು ಅದರಿಂದ ಸಾಧಿಸಲಾಗದು. ಆದರೆ ಅಭಿಪ್ರಾಯ ಕೇಳುತ್ತಾರೆಯೇ, ಗೌರವದಿಂದ ನಡೆಸಿಕೊಳ್ಳುತ್ತಾರೆಯೇ ಎಂಬ ಅಲ್ಲಿನ ಪ್ರಶ್ನೆಗಳನ್ನು ನಿಮ್ಮ ಆಸ್ಪತ್ರೆಯಲ್ಲೂ ಕೇಳಬಹುದು.

ಮನೋವೈದ್ಯರ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ರೋಗಿಯೊಡನೆ ಕುಳಿತು ಮಾತನಾಡುವ ಸಮಯ. ಅದನ್ನು ಕಾಯಬಲ್ಲವರು ದೂರದ ನಿರ್ದೇಶಕರಲ್ಲ, ಪಕ್ಕದ ಕೋಣೆಯ ಅಧಿಕಾರಿ. ರಾತ್ರಿ ತುರ್ತು ವಿಭಾಗದ ಪಾಳಿ, ಅಂಗವೈಕಲ್ಯ ಪ್ರಮಾಣಪತ್ರ, ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮ ‘ಮನೋಚೈತನ್ಯ’ದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೊರಡಲು ಸಿಗದ ವಾಹನ, ಇವೆಲ್ಲ ಆ ಸಮಯವನ್ನೇ ತಿನ್ನುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ, ಸ್ವಂತ ಕೋರಿಕೆಯಿಂದಲ್ಲದೆ ಪ್ರತಿನಿಧಿಯ ಅರ್ಜಿಯ ಮೇರೆಗೆ ದಾಖಲಾದವರ ವಿವರವನ್ನು, ರೋಗಿಗಳ ಹಕ್ಕುಗಳನ್ನು ಕಾಯುವ ಪರಿಶೀಲನಾ ಮಂಡಳಿಗೆ ಏಳು ದಿನಗಳೊಳಗೆ, ಮಹಿಳೆಯರು ಮತ್ತು ಅಪ್ರಾಪ್ತರದಾದರೆ ಮೂರು ದಿನಗಳೊಳಗೆ ಕಳುಹಿಸುವ ಹೊಣೆ ಸಂಸ್ಥೆಯ ಉಸ್ತುವಾರಿ ಹೊತ್ತವರದು. ಬರೆದುಕೊಡಲು ಒಬ್ಬ ಗುಮಾಸ್ತರೂ ಇಲ್ಲದ ಕಡೆ ಆ ಕಡತವೂ ಮನೋವೈದ್ಯರ ಮೇಜಿಗೇ ಬಂದು ಬೀಳುತ್ತದೆ.

ಇದಕ್ಕಿಂತಲೂ ಗಂಭೀರವಾದ ಸಂಗತಿ ರೋಗಿಯ ಆತ್ಮಹತ್ಯೆ. ಎಷ್ಟು ಎಚ್ಚರವಹಿಸಿದರೂ ಈ ವೃತ್ತಿಯಲ್ಲಿ ಅದು ಸಂಭವಿಸುತ್ತದೆ. ಅಂದು ಮುಖ್ಯಸ್ಥರು ಮೊದಲು ಕಡತ ಕೇಳಿದರೇ ಅಥವಾ ವೈದ್ಯರು ಹೇಗಿದ್ದಾರೆಂದು ವಿಚಾರಿಸಿದರೇ ಎಂಬುದನ್ನು ವೈದ್ಯರು ಮರೆಯುವುದಿಲ್ಲ. ವಿಚಾರಣೆ ಬೇಡವೆಂದಲ್ಲ, ತಪ್ಪಿತಸ್ಥರನ್ನು ಹುಡುಕುವುದಕ್ಕೂ ಚಿಕಿತ್ಸೆಯಲ್ಲಿ ಎಲ್ಲಿ ಕೊರತೆಯಾಯಿತೆಂದು ಎಲ್ಲರೂ ಕೂತು ನೋಡುವುದಕ್ಕೂ ಅಂತರವಿದೆ. ಸಂಬಂಧಿಕರು ಗಲಾಟೆಗೆ ಬಂದಾಗ ಜೊತೆಗೆ ನಿಂತ ಅಧಿಕಾರಿಯನ್ನು ಬಿಟ್ಟು ಖಾಸಗಿ ಆಸ್ಪತ್ರೆಗೆ ಹೋಗಲು ಮನಸ್ಸು ಹಿಂಜರಿಯುತ್ತದೆ ಎಂಬುದು ನನ್ನ ಅನಿಸಿಕೆ.

ನೀವು ಕಚೇರಿಯಲ್ಲಿರುವುದರಿಂದ ಮಂಗಳವಾರದ ವಾಹನವನ್ನೂ ಮಾತ್ರೆಗಳ ಬೇಡಿಕೆ ಪಟ್ಟಿಯನ್ನೂ ಮೊದಲೇ ಖಚಿತಪಡಿಸಬಹುದು. ಮುಂದೆ ರಾಜೀನಾಮೆ ಕೊಡುವವರೊಡನೆ, ಅವರ ನೇರ ಮೇಲಧಿಕಾರಿಯಲ್ಲದ ಒಬ್ಬರು ಮಾತನಾಡುವ ವ್ಯವಸ್ಥೆ ಮಾಡಿಸಿ. ಮೇಲಧಿಕಾರಿಯ ಎದುರು ಎಲ್ಲರೂ ವೇತನವೆಂದೇ ಹೇಳಿ ಹೊರಡುತ್ತಾರೆ.