ಎಲ್ಲರ ಎದುರು ಬೇಡ, ಅಮ್ಮ ಒಬ್ಬರೇ ಇರುವಾಗ ಕೇಳಿ

ಒಂಬತ್ತನೇ ವಯಸ್ಸಿನಲ್ಲಿ ಮನೆಯಲ್ಲಿ ನಡೆದದ್ದು ಮೂವತ್ತೆರಡರಲ್ಲಿ ಕಾಡುತ್ತಿದೆ, ಬಾಯಿ ತೆಗೆದರೆ 'ಹಳೇದನ್ನ ಯಾಕೆ ಕೆದಕ್ತೀಯ' ಅಂತಾರೆ, ದಸರಾಗೆ ಮೈಸೂರಿನ ಮನೆಗೆ ಹೋದಾಗ ಎಲ್ಲರ ಎದುರು ಕೇಳಿಬಿಡಲಾ ಅಂತ ಬರೆದಿದ್ದೀರಿ. ಕೇಳಿ. ಆದರೆ ಎಲ್ಲರ ಎದುರು ಬೇಡ. ಮೊದಲು ಮನೆಯವರ ಹತ್ತಿರವೇ ಹೋಗುವುದೂ ಬೇಡ. ನಾನು ಹಾಗೆ ಮಾಡಿ ಪೆಟ್ಟು ತಿಂದವನು.

ನಮ್ಮೂರು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಪಕ್ಕ. ನನಗೆ ಆಗ ಎಂಟು ವರ್ಷ. ಅಪ್ಪನ ತಂಗಿ ಗಂಡನ ಮನೆ ಬಿಟ್ಟು ಬಂದಿದ್ದರು. ರಾತ್ರಿ ನಡುಮನೆಯಲ್ಲಿ ದೊಡ್ಡವರೆಲ್ಲ ಸೇರಿ 'ಬೆಳಗಾಗ್ತಿದ್ದಂಗೆ ವಾಪಸ್ ಹೋಗ್ಬೇಕು' ಅಂತ ಕೂಗಾಡಿದ್ದು, ಹೊಡೆದ ಸದ್ದು, ಎಲ್ಲ ನನಗೆ ಕೇಳಿಸಿತು. ನಸುಕಿನಲ್ಲಿ ಅತ್ತೆ ನನ್ನ ಕಂಬಳಿ ಎಳೆದು 'ನಾಲೆ ಹತ್ರ ಬರ್ತೀಯೇನೋ?' ಅಂದರು. ನಾನು ಮಗ್ಗುಲು ಬದಲಿಸಿ ಮಲಗಿದೆ. ಬಿಸಿಲೇರುವ ಹೊತ್ತಿಗೆ ಅವರ ಹೆಣ ಬಂತು. ಬಟ್ಟೆ ಒಗೆಯಲು ಹೋಗಿ ಕಾಲು ಜಾರಿತು ಅಂದರು. ರಾತ್ರಿ ಕೇಳಿದ್ದನ್ನು ಹೇಳಲು ಹೋದರೆ ಅಜ್ಜಿ ನನ್ನ ಬಾಯಿ ಮುಚ್ಚಿ, 'ನೀನು ಏನೂ ಕೇಳಿಸ್ಕೊಂಡಿಲ್ಲ' ಅಂದರು.

ಪಿತೃಪಕ್ಷದಲ್ಲಿ ನಮ್ಮಲ್ಲಿ ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು ಎಡೆ ಇಡುತ್ತಾರೆ. ಅತ್ತೆಗೆ ಸೀರೆ ಇಡುತ್ತಿರಲಿಲ್ಲ. ಅದು ಗಂಡನ ಮನೆಯವರದ್ದು ಅನ್ನುತ್ತಿದ್ದರು. ಅಲ್ಲೂ ಇಡುತ್ತಿರಲಿಲ್ಲ.

ಅತ್ತೆ ತೀರಿಕೊಂಡದ್ದು ಆಲೆಮನೆ ನಡೆಯುತ್ತಿದ್ದ ದಿನಗಳಲ್ಲಿ. ಕಬ್ಬಿನ ಹಾಲು ಕುದಿಯುವ ವಾಸನೆ ಊರಿಗೆಲ್ಲ ಇಷ್ಟ. ನನಗೆ ಇವತ್ತಿಗೂ ಎದೆ ಹಿಡಿದಂತಾಗುತ್ತದೆ, ಅಂಗೈ ಬೆವರುತ್ತದೆ. ಮನಸ್ಸು ಮರೆತಂತಿದ್ದರೂ ಮೈ ಮರೆತಿರುವುದಿಲ್ಲ, ಅಲ್ವಾ?

ಐದು ವರ್ಷದ ಹಿಂದೆ ಎಡೆ ಇಡುವ ದಿನವೇ ಎಲ್ಲರ ಎದುರು ಕೇಳಿದೆ. ಚಿಕ್ಕಪ್ಪ ಎಲೆ ಬಿಟ್ಟು ಎದ್ದರು. ಅಮ್ಮ ಅತ್ತರು. ಎರಡು ವರ್ಷ ಯಾರೂ ಫೋನ್ ಮಾಡಲಿಲ್ಲ. ನನಗೆ ನಿದ್ದೆಯೇ ಹೋಯಿತು.

ಆಮೇಲೆ ಮೈಸೂರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞರ ಹತ್ತಿರ ಹೋದೆ. ಅವರು ಎಷ್ಟೋ ವಾರ ಕಥೆಯನ್ನೇ ಕೇಳಲಿಲ್ಲ. ಮೊದಲು ನಿದ್ದೆ ಸರಿ ಮಾಡಿಸಿದರು. ಹೆದರಿಕೆ ಉಕ್ಕಿದಾಗ ಪಾದ ನೆಲಕ್ಕೆ ಒತ್ತಿ ಉಸಿರು ನಿಧಾನ ಮಾಡುವುದನ್ನು ಕಲಿಸಿದರು. ಒಂದು ದಿನ, 'ಮಗನನ್ನು ಸ್ಕೂಲಿಗೆ ಎಬ್ಬಿಸೋಕೆ ಎಷ್ಟು ಹೊತ್ತು ಬೇಕು?' ಅಂದರು. ನನ್ನ ಮಗನಿಗೂ ಆಗ ಎಂಟು. ಅರ್ಧ ಗಂಟೆ ಅಂದೆ. ಹೇಳುತ್ತಿದ್ದಂತೆಯೇ ಅಳು ಬಂತು. ಅಷ್ಟು ವರ್ಷ ನಾನು ಎದ್ದು ಹೋಗಿದ್ದರೆ ಅತ್ತೆ ಉಳಿಯುತ್ತಿದ್ದರು ಅಂದುಕೊಂಡೇ ಬದುಕಿದ್ದೆ.

ನೀವೂ ಮೊದಲು ಇಂಥ ಒಬ್ಬರನ್ನು ಹುಡುಕಿ. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೀವು ಹೇಳಿದ್ದನ್ನು ಡಾಕ್ಟರು ಮನೆಯವರಿಗೆ ಸುಮ್ನೆ ಹೇಳುವಂತಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಗುಟ್ಟು ಕಾಯುವ ಹಕ್ಕು ಕೊಟ್ಟಿದೆ. ಸಂಮೋಹನ ಮಾಡಿ ಮರೆತ ನೆನಪು ಎಬ್ಬಿಸುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಹಾಗೆ ಕೆದಕಿದಾಗ ನಡೆಯದೇ ಇದ್ದದ್ದೂ ನೆನಪಿನಂತೆ ಎದ್ದು ಬರಬಹುದು.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ನಿಮಗೆ ನೋವು ಕೊಟ್ಟವರ ಸುತ್ತ ಈಗ ಬೇರೆ ಮಕ್ಕಳಿದ್ದರೆ ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹೋದ ವರ್ಷ ಅಮ್ಮ ಒಬ್ಬರೇ ಇದ್ದಾಗ ಮತ್ತೆ ಮಾತು ತೆಗೆದೆ. ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು. ಈ ಸಲ 'ಯಾಕೆ' ಅಂತ ಕೇಳಲಿಲ್ಲ. ಆ ರಾತ್ರಿ ಏನು ಕೇಳಿಸಿತು, ಬೆಳಗ್ಗೆ ಅತ್ತೆ ಏನಂದರು, ಅಷ್ಟೇ ಹೇಳಿದೆ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ತಲೆ ಎತ್ತದೆ, 'ಅವಳು ನನ್ನನ್ನೂ ಕರೆದಿದ್ಲು ಕಣೋ' ಅಂದರು.

ನಿಮ್ಮ ಅಮ್ಮನೂ ಬಾಯಿ ಬಿಡುತ್ತಾರೆ ಅಂತ ನಾನು ಹೇಳಲಾರೆ. ಬಿಡದಿದ್ದರೂ ನೀವು ಕುಸಿಯಬಾರದು, ಅದಕ್ಕೇ ಮೊದಲು ಹೊರಗಿನವರೊಬ್ಬರ ಹತ್ತಿರ ಹೇಳಿಕೊಂಡು ಹೋಗಿ ಅಂದದ್ದು. ದಸರಾ ಮುಗಿದು ನೆಂಟರೆಲ್ಲ ಹೊರಟ ಮೇಲೆ ಒಂದು ದಿನ ಜಾಸ್ತಿ ಉಳಿದುಕೊಳ್ಳಿ.