ಬೆಳಗಾವಿ ಜಿಲ್ಲೆಯ ಖಾನಾಪುರ ಭಾಗದ ಹಳೆಯ ಬೇಸಿಗೆ ಬಂಗಲೆಯ ಇತಿಹಾಸ ಹುಡುಕುವುದು, ದುರಸ್ತಿ ಮಾಡುವುದು ಹೇಗೆ?

ನಿಮ್ಮ ಹಳೆಯ ಬಂಗಲೆಯ ಇತಿಹಾಸ ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ಅದರ ಸುಣ್ಣದ ಗಿಲಾವು ಉದುರುತ್ತಿದೆ, ಸಿಮೆಂಟ್ ಹೊಡೆಸಲೇ ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ. ಆ ಕಡೆಯ ಹಳೆಯ ಗೋಡೆಗಳಲ್ಲಿ ಜಂಬಿಟ್ಟಿಗೆ ಕಲ್ಲೇ ಹೆಚ್ಚು. ಅದು ಮಳೆಗಾಲದಲ್ಲಿ ನೀರು ಹೀರಿ, ಆಮೇಲೆ ನಿಧಾನವಾಗಿ ಬಿಡುತ್ತದೆ. ಸುಣ್ಣದ ಗಿಲಾವು ಆ ತೇವವನ್ನು ಹೊರಹೋಗಗೊಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಕೆಲವು ವರ್ಷಗಳಲ್ಲಿ ಗಿಲಾವು ಕಲ್ಲಿನ ಮೈಯನ್ನೂ ಕಿತ್ತುಕೊಂಡು ಕಳಚಿ ಬೀಳುತ್ತದೆ. ಅಗ್ಗವೆಂದು ಸಿಮೆಂಟಿಗೆ ಜೋತುಬೀಳುವ ಗುತ್ತಿಗೆದಾರರು ಇದನ್ನು ಹೇಳುವುದಿಲ್ಲ.

ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವುದರಿಂದ ಅವಸರ ಸಲ್ಲದು. ದೀಪಾವಳಿಯ ನಂತರ ಕೆಲಸ ಹಿಡಿದು, ತೆಳುವಾದ ಪದರಗಳಲ್ಲಿ ಹಚ್ಚಿಸಿ, ಪ್ರತಿ ಪದರವನ್ನೂ ಕೆಲವು ದಿನ ತೇವವಾಗಿಡಿ. ಅದಕ್ಕೂ ಮೊದಲು ಮಾಡಿನ ಸೋರಿಕೆ ನಿಲ್ಲಲಿ. ಇಲ್ಲದಿದ್ದರೆ ಎಲ್ಲವೂ ನೀರುಪಾಲು.

ಮನೆಯ ವಯಸ್ಸು ತಿಳಿಯಲು ಮಾಡಿನ ಹಂಚನ್ನು ತಿರುವಿ ನೋಡಿ, ಕಾರ್ಖಾನೆಯ ಮುದ್ರೆ ಇರಬಹುದು. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದರೆ ನಿಮ್ಮ ಮಂಗಳೂರು ಹಂಚು ಅದಕ್ಕಿಂತ ಹಳೆಯದಲ್ಲ. ಗೋಡೆ ಹಳೆಯದಿರಬಹುದು, ಏಕೆಂದರೆ ನಾಡಹಂಚು ತೆಗೆದು ಮಂಗಳೂರು ಹಂಚು ಹೊದಿಸಿದ ಮನೆಗಳು ಬೇಕಾದಷ್ಟಿವೆ.

ಇನ್ನು ಕಾಗದಪತ್ರ. ಹಳೆಯ ಉತಾರ (ಜಮೀನಿನ ಹಕ್ಕು ದಾಖಲೆಯ ಪ್ರತಿ), ಖರೀದಿ ಪತ್ರಗಳನ್ನು ತಹಶೀಲ್ದಾರ್ ಮತ್ತು ಉಪನೋಂದಣಿ ಕಚೇರಿಗಳಲ್ಲಿ ಕೇಳಿ. 1956ರವರೆಗೆ ಬೆಳಗಾವಿ ಮುಂಬಯಿ ಆಡಳಿತದಲ್ಲಿತ್ತು. ದಾಖಲೆ ಮರಾಠಿಯಲ್ಲಿ, ಇನ್ನೂ ಹಳೆಯದಾದರೆ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇರಬಹುದು. ಮೋಡಿ ಓದಬಲ್ಲವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. 1884ರ ಬೆಳಗಾವಿ ಗೆಝೆಟಿಯರ್, ಅಂದರೆ ಸರ್ಕಾರದ ಜಿಲ್ಲಾ ವಿವರಗಳ ಗ್ರಂಥ, ಸೀಮೆಯ ಚಿತ್ರ ಕೊಡುತ್ತದೆ, ಆದರೆ ಖಾಸಗಿ ಮನೆಯೊಂದರ ಸುದ್ದಿಯನ್ನು ಅದರಲ್ಲಿ ನಿರೀಕ್ಷಿಸಬೇಡಿ.